ಸೋಫಾ ಹಿಂದಿನ ಎರಡು ಸ್ಪೀಕರ್

ದಿಲ್‌ಸುಖ್‌ನಗರದ ಆ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಗುರುಬಸವ ಮಾಡಿದ ತಪ್ಪಿಗೆ ಹೆಚ್ಚೆಂದರೆ ನಾಲ್ಕು ಸೆಕೆಂಡು ಹಿಡಿದಿರಬಹುದು. ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ.

ಬಾಗಿಲು ತೆರೆದವರು ಮನೆಯ ಯಜಮಾನಿ ಸುಂದರಾಬಾಯಿ. ಅವನು ತೆಲುಗಿನಲ್ಲಿ ನಮಸ್ಕಾರ ಹೇಳಿ, ಹೋಮ್ ಥಿಯೇಟರ್ ಕೆಲಸಕ್ಕೆ ಅಂಗಡಿಯವರು ಕಳಿಸಿದ್ದಾರೆ ಎಂದ. ಈ ಊರಿನಲ್ಲಿ ಪರಿಚಯವಿಲ್ಲದ ಬಾಗಿಲ ಮುಂದೆ ತಾನಾಗಿ ಬಾಯಿಗೆ ಬರುವುದು ತೆಲುಗು, ಇಲ್ಲವೇ ಹಿಂದಿ. ಕನ್ನಡ ಅವನಿಗೆ ಲಿಂಗಂಪಲ್ಲಿಯ ಮನೆಯೊಳಗಿನ ಭಾಷೆ, ಭಾಲ್ಕಿ ಕಡೆಯಿಂದ ಬಂದ ಅವ್ವ ಶಂಕ್ರಮ್ಮನ ಭಾಷೆ.

ಅವನು ಷೂ ಬಿಚ್ಚಿ ಗೋಡೆಗೆ ಸರಿಸಿಟ್ಟ. ಸುಂದರಾಬಾಯಿ ಒಳಗೆ ತಿರುಗಿ ಕೂಗಿದರು: "ಮೃಣಾಲಿನೀ, ಸ್ಪೀಕರಿನಾವ ಬಂದಾನ ನೋಡು. ಹೋದ ಸಲ ಬಂದವನಂಗ ಅಲ್ಲ, ಕಾಲು ಸ್ವಚ್ಛ ಅದಾವ."

ಕನ್ನಡ! ಗುರುಬಸವನ ಮುಖ ಅರಳಿತು. 'ನಾನೂ ನಿಮ್ಮ ಕಡಿಯವನೇ ರೀ' ಎನ್ನಲು ಅವನು ಉಸಿರು ಎಳೆದುಕೊಂಡ. ಅಷ್ಟರಲ್ಲಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಮಗಳು ಬಂದಳು. ಅವನ ಮುಖವನ್ನು ಹಣೆಯಿಂದ ಗದ್ದದವರೆಗೆ, ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗು ನೋಡುವ ಹಾಗೆ ಸಾವಕಾಶವಾಗಿ ನೋಡಿದಳು.

"ಮಾರಿನೂ ಅಡ್ಡಿ ಇಲ್ಲವ್ವಾ," ಎಂದಳು ಅಷ್ಟೇ ಸಾವಕಾಶವಾಗಿ. ನಂತರ ತೆಲುಗಿಗೆ ಹೊರಳಿ, "ಬನ್ನಿ, ಒಳಗೆ ಬನ್ನಿ," ಎಂದು ಕರೆದಳು.

ಎಳೆದುಕೊಂಡ ಉಸಿರು ಅವನ ಎದೆಯಲ್ಲೇ ಉಳಿಯಿತು. ಈಗ ಕನ್ನಡ ಮಾತಾಡಿದರೆ ಆಕೆ ನಾಚಿಕೆಯಿಂದ ಒಳಗೆ ಓಡುತ್ತಾಳೆ. ತಾನು ಮೂವತ್ತೆರಡನೇ ವಯಸ್ಸಿನಲ್ಲಿ ಕಿವಿ ಕೆಂಪಗೆ ಮಾಡಿಕೊಂಡು ನಿಲ್ಲಬೇಕಾಗುತ್ತದೆ. ಇನ್ನೊಂದು ನಿಮಿಷ ಬಿಟ್ಟು ಹೇಳೋಣ ಎಂದುಕೊಂಡ. ಆ ನಿಮಿಷ ಮುಗಿಯುವಷ್ಟರಲ್ಲಿ ತಾಯಿ ಮಗಳು ಇನ್ನೂ ಹತ್ತು ಮಾತು ಆಡಿದ್ದರು.

ಮನೆಯಲ್ಲಿ ಐದು ಸ್ಪೀಕರುಗಳಿದ್ದವು. ಮೂರು ಟಿವಿಯ ಬಳಿ, ಎರಡು ಸೋಫಾದ ಹಿಂದೆ. ನೀರಾವರಿ ಇಲಾಖೆಯಿಂದ ನಿವೃತ್ತರಾದ ಬಸವರಾಜ, ಅಂದರೆ ಮೃಣಾಲಿನಿಯ ತಂದೆ, ನಾಂಪಲ್ಲಿಯ ಜನವರಿ ಎಕ್ಸಿಬಿಷನ್ನಿನಲ್ಲಿ ಸುಮಾರು ಮೂವತ್ತು ವರ್ಷದ ಹಿಂದೆ, ಎರಡು ಬೇರೆ ಬೇರೆ ವರ್ಷ ಅವನ್ನು ಕೊಂಡಿದ್ದರು. ತೇಗದ ಬಣ್ಣದ ಮರದ ಪೆಟ್ಟಿಗೆ, ಮುಂದೆ ಕಪ್ಪು ಬಟ್ಟೆ. ಈ ಸಂಕ್ರಾಂತಿಯ ವಾರದಲ್ಲಿ, ಟಿವಿಯಿಂದ ಸೋಫಾದ ಹಿಂದಕ್ಕೆ ಹೋಗುವ ವೈರಿಗೆ ಅವರೇ ಎಡವಿ ಬಿದ್ದು ಮೊಣಕಾಲಿಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡರು. ವೈರ್ ಹೋಗಬೇಕು ಇಲ್ಲವೇ ಸ್ಪೀಕರ್ ಹೋಗಬೇಕು ಎಂದು ಸುಂದರಾಬಾಯಿ ಹಟ ಹಿಡಿದರು. ಮಗಳು ನಡುವಿನ ದಾರಿ ಹುಡುಕಿದಳು: ಸ್ಪೀಕರ್ ಹಳೆಯವೇ ಇರಲಿ, ವೈರ್‌ಲೆಸ್ ಮಾಡಿಸೋಣ.

"ಹೊಸದು ತಗೊಳ್ಳಿ ಅಂತ ನಾಲ್ಕು ಅಂಗಡಿಯವರು ಹೇಳಿದರು. ನೀವೂ ಅದನ್ನೇ ಹೇಳುತ್ತೀರಾ?" ಮೃಣಾಲಿನಿ ತೆಲುಗಿನಲ್ಲಿ ಕೇಳಿದಳು.

"ಇಲ್ಲ ಮೇಡಂ. ಇವು ಪ್ಯಾಸಿವ್ ಸ್ಪೀಕರ್. ಒಳಗೆ ಆಂಪ್ಲಿಫೈಯರ್ ಇಲ್ಲ. ಶಕ್ತಿ ಹೊರಗಿನಿಂದ ಬರಬೇಕು, ಅಷ್ಟೇ. ಅದು ಕೊರತೆಯಲ್ಲ," ಎಂದ ಅವನು.

ಅವಳು ಒಮ್ಮೆ ತಲೆಯಾಡಿಸಿದಳು. ಆ ತಲೆಯಾಡಿಕೆಯಲ್ಲಿ ಎಷ್ಟು ಗಮನವಿತ್ತೆಂದರೆ, ಹತ್ತು ವರ್ಷದಿಂದ ಹೇಳುತ್ತ ಬಂದ ಅದೇ ಮಾತನ್ನು ತಾನು ಮೊದಲ ಸಲ ಹೇಳಿದಂತೆ ಅವನಿಗೆ ಅನಿಸಿತು.

ಅವನು ತಂದ ವೈರ್‌ಲೆಸ್ ಕಿಟ್ಟಿನಲ್ಲಿ ಎರಡು ಪೆಟ್ಟಿಗೆ. ಒಂದು, ಎಲ್ಲ ಸ್ಪೀಕರುಗಳಿಗೆ ಸದ್ದು ಹಂಚುವ ಟಿವಿ ಬಳಿಯ ರಿಸೀವರಿಗೆ ಸೇರಿ ಹಿಂದಿನ ಸ್ಪೀಕರುಗಳ ಸದ್ದನ್ನು ಗಾಳಿಯಲ್ಲಿ ಕಳಿಸುತ್ತದೆ. ಇನ್ನೊಂದು ಸೋಫಾದ ಹಿಂದೆ ಕೂತು ಅದನ್ನು ಹಿಡಿದು, ತನ್ನೊಳಗಿನ ಪುಟ್ಟ ಆಂಪ್ಲಿಫೈಯರಿನಿಂದ ಬಲ ತುಂಬಿ ಎರಡೂ ಸ್ಪೀಕರುಗಳಿಗೆ ಕೊಡುತ್ತದೆ. ಅವನು ಆ ಎರಡನೇ ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೆ ಹಾಕಿ, ಅಲ್ಲಿಂದ ಸ್ಪೀಕರುಗಳಿಗೆ ಸಣ್ಣ ವೈರು ಎಳೆಯತೊಡಗಿದ.

"ವಾಯರ್‌ಲೆಸ್ ಅಂತ ಹೇಳಿ ಮತ್ತ ವಾಯರ್ ಹಚ್ಚಾಕತ್ತಾನಲ್ಲ ಇವ!" ಸುಂದರಾಬಾಯಿ ಕನ್ನಡದಲ್ಲಿ ಉದ್ಗಾರ ತೆಗೆದರು. "ಉಪವಾಸ ಅಂತ ಹೇಳಿ ನಾಕು ಭಕ್ಕರಿ ತಿಂದಂಗ ಆತು."

ನಗು ಗಂಟಲಿನವರೆಗೆ ಬಂತು. ಅವನು ಕೆಳಗೆ ಬಗ್ಗಿ, ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೆ ಬಿಗಿಮಾಡಿದ.

ಜೋಡಿಸುವ ಮೊದಲು ಅವನು ಒಂದೂವರೆ ವೋಲ್ಟಿನ ಸೆಲ್ಲನ್ನು ಒಂದೊಂದು ಸ್ಪೀಕರಿಗೂ ಕ್ಷಣಮಾತ್ರ ತಾಗಿಸಿ ನೋಡಿದ. ಪ್ಲಸ್ಸಿಗೆ ಪ್ಲಸ್ ಸೇರಿದರೆ ಸದ್ದು ಹೊರಡಿಸುವ ಕಾಗದದ ಕೋನ್ ಮುಂದಕ್ಕೆ ಉಬ್ಬಬೇಕು. ಬಲಗಡೆಯದು ಉಬ್ಬಿತು. ಎಡಗಡೆಯದು ಒಳಗೆ ಸರಿಯಿತು. ಪೆಟ್ಟಿಗೆ ಬಿಚ್ಚಿದಾಗ ಒಳಗಿನ ಎರಡು ತಂತಿಗಳು ಅದಲುಬದಲಾಗಿ ಬೆಸುಗೆಯಾಗಿದ್ದವು.

"ಇಷ್ಟು ವರ್ಷ ಇದು ಉಲ್ಟಾ ಇತ್ತು ಸಾರ್. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ನಡುವೆ ಸದ್ದು ಟೊಳ್ಳಾಗುತ್ತದೆ."

"ತೀಸ್ ಸಾಲ್ ಸೇ? ಮೂವತ್ತು ವರ್ಷದಿಂದಲೂ?" ಬಸವರಾಜ ಬೆರಗಾದರು.

"ನಾ ಹೇಳಿರಲಿಲ್ಲೇನು ಅಪ್ಪಾ? ಹತ್ತನೇ ಕ್ಲಾಸಿನಾಗ ಇದ್ದಾಗಿಂದ ಹೇಳಾಕತ್ತೀನಿ, ನಡಕ ಏನೋ ಖಾಲಿ ಖಾಲಿ ಐತಿ ಅಂತ," ಮೃಣಾಲಿನಿ ತಂದೆಯ ಎಡಗಡೆಗೆ ಹೋಗಿ ಹೇಳಿದಳು. ಅವರ ಬಲಗಿವಿ ಪೂರ್ತಿ ಹೋಗಿತ್ತು.

ಬೆಸುಗೆ ಕಡ್ಡಿ ಹಿಡಿದಿದ್ದ ಗುರುಬಸವ ತಲೆಯೆತ್ತಿ ಅವಳನ್ನೇ ನೋಡಿದ. ಹತ್ತನೇ ಕ್ಲಾಸಿನ ಹುಡುಗಿಯ ಕಿವಿ ಅದನ್ನು ಹಿಡಿದಿತ್ತು! ಈ ಕೆಲಸ ಮಾಡುವವರಲ್ಲೇ ಎಷ್ಟೋ ಮಂದಿಗೆ ಅದು ಕೇಳಿಸುವುದಿಲ್ಲ. ಅವಳು ಆಡಿಯಾಲಜಿಸ್ಟ್, ಒಂದು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವುದೇ ಅವಳ ಕೆಲಸ ಎಂದು ಆಮೇಲೆ ತಿಳಿಯಿತು. ಆದರೆ ಅವಳನ್ನು ಆ ಕೆಲಸಕ್ಕೆ ಕರೆತಂದದ್ದು ಆ ಕಿವಿಯೇ ಇರಬೇಕು ಎಂದು ಅವನಿಗೆ ಅನಿಸಿತು.

ಹೊರಡುವ ಮುನ್ನ ಅವನು ಬಸವರಾಜರನ್ನು ಕೇಳಿದ, ಹಿಂದಿನ ಸದ್ದು ಹಿಂದಿನಿಂದ ಬಂದಂತೆ ಅನಿಸುತ್ತಿದೆಯೇ ಎಂದು.

ಅವರು ನಕ್ಕರು. "ಒಂದೇ ಕಿವಿಗೆ ದಿಕ್ಕು ತಿಳಿಯುವುದಿಲ್ಲಪ್ಪ. ನನಗೆ ಹಿಂದೆಯೂ ಒಂದೇ, ಮುಂದೆಯೂ ಒಂದೇ. ಇವರಿಬ್ಬರಿಗೆ ತಿಳಿಯಲಿ ಅಂತ ಮಾಡಿಸುತ್ತಿದ್ದೇನೆ."

*

ಅಂದು, ಸೋಮವಾರ ಸಂಜೆ, ಲಿಂಗಂಪಲ್ಲಿಯ ಲೋಕಲ್ ಟ್ರೇನಿನಲ್ಲಿ ಕೂತು ಗುರುಬಸವ ತಾನು ಹೇಳದೆ ಉಳಿಸಿದ ಮಾತನ್ನು ತೂಗಿ ನೋಡಿದ. ಕೆಲಸ ಮುಗಿಯಿತು, ಆ ಮನೆಗೆ ಮತ್ತೆ ಹೋಗುವ ಪ್ರಸಂಗವಿಲ್ಲ, ಹೇಳದಿದ್ದರೇನಾಯಿತು ಎಂದು ಬುದ್ಧಿ ವಾದಿಸಿತು. ಮತ್ತೆ ಹೋಗುವ ಪ್ರಸಂಗವಿಲ್ಲ ಎನ್ನುವುದೇ ಮನಸ್ಸಿಗೆ ಹಿಡಿಸಲಿಲ್ಲ.

ಬುಧವಾರ ಸಂಜೆ ಫೋನ್ ಬಂತು. ಹಿಂದಿನ ಸ್ಪೀಕರುಗಳು ಆಗಾಗ ಚಟಚಟ ಎನ್ನುತ್ತವೆ.

ಗುರುವಾರ ಅವನು ಹೋದಾಗ ಮೃಣಾಲಿನಿ ಒಂದು ಹಾಳೆ ಕೊಟ್ಟಳು. ಮಂಗಳವಾರ ಬೆಳಿಗ್ಗೆ 7.10, ಎರಡು ನಿಮಿಷ. ಸಂಜೆ 4.40, ಒಂದೂವರೆ ನಿಮಿಷ. ಬುಧವಾರ ಬೆಳಿಗ್ಗೆ 7.15, ಎರಡು ನಿಮಿಷ. ಅಕ್ಷರಗಳು ಒಂದೇ ಎತ್ತರ, ಗೆರೆ ಹೊಡೆದು ಬರೆದ ಹಾಗೆ.

ಇಷ್ಟು ಅಚ್ಚುಕಟ್ಟಾದ ದೂರು ಅವನಿಗೆ ಯಾವ ಗಿರಾಕಿಯಿಂದಲೂ ಬಂದಿರಲಿಲ್ಲ. 'ಸರಿಯಾಗಿ ಬರ್ತಿಲ್ಲ ಭಾಯ್' ಎನ್ನುವವರೇ ಎಲ್ಲರೂ. ಅವನು ಹಾಳೆಯನ್ನು ಎರಡು ಸಲ ಓದಿದ. ಎರಡನೇ ಸಲ ಓದಿದ್ದು ಅಕ್ಷರಗಳಿಗಾಗಿ.

"4.40ಕ್ಕೆ ಮನೆಯಲ್ಲಿ ಏನು ನಡೆಯುತ್ತದೆ ಮೇಡಂ?"

"ಚಹಾ," ಎಂದಳು. ಮರುಕ್ಷಣ ಅವಳ ಕಣ್ಣು ಅಗಲವಾಯಿತು. "ಮೈಕ್ರೋವೇವ್! ಅಮ್ಮ ಹಾಲು ಬಿಸಿಮಾಡುತ್ತಾಳೆ."

ಇಬ್ಬರೂ ಒಟ್ಟಿಗೆ ಅಡುಗೆಮನೆಯತ್ತ ತಿರುಗಿದರು. ಮೈಕ್ರೋವೇವಿನಲ್ಲಿ ಒಂದು ಲೋಟ ನೀರಿಟ್ಟು ಚಾಲೂ ಮಾಡಿದಾಗ, ಹಾಲ್‌ನಲ್ಲಿ ಸ್ಪೀಕರು ಎಣ್ಣೆಯಲ್ಲಿ ಸಾಸಿವೆ ಬಿದ್ದಂತೆ ಸಿಡಿಯಿತು. ಒಂದು ರಹಸ್ಯವನ್ನು ಜೊತೆಯಾಗಿ ಬಿಡಿಸಿದ ಸಂತೋಷದಲ್ಲಿ ಅವಳು ಅವನತ್ತ ನೋಡಿ ನಕ್ಕಳು. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ತುಸು ಮೊದಲು ಚಿಕ್ಕದಾಗುತ್ತಿತ್ತು.

"ಇದು ನನ್ನ ತಪ್ಪು," ಎಂದ ಗುರುಬಸವ. "ನಾನು ತಂದ ಕಿಟ್ಟು 2.4 ಗಿಗಾಹರ್ಟ್ಸಿನದು. ಮೈಕ್ರೋವೇವ್ ಒಲೆ, ವೈಫೈ ಎಲ್ಲ ಆ ರೇಡಿಯೋ ಅಲೆಯಲ್ಲೇ ಗದ್ದಲ ಮಾಡುತ್ತವೆ. ಮೊದಲೇ ಕೇಳಬೇಕಾಗಿತ್ತು. ಶನಿವಾರ 5.8ರ ಕಿಟ್ಟು ತಂದು ಬದಲಿಸುತ್ತೇನೆ."

ಅವಳು ಒಂದು ಕ್ಷಣ ಅವನನ್ನು ದಿಟ್ಟಿಸಿದಳು. ನಂತರ ಕಟ್ಟೆಯ ಬಳಿ ಕೊತ್ತಂಬರಿ ಸೋಸುತ್ತಿದ್ದ ತಾಯಿಯತ್ತ ತಿರುಗಿ ಕನ್ನಡದಲ್ಲಿ ಹೇಳಿದಳು: "ನೋಡವ್ವಾ, ತಪ್ಪು ಮಾಡಿ ತಾನ ಒಪ್ಪಿಕೊಳ್ಳೋ ಗಂಡಸೂ ಇರ್ತಾರ."

"ಇರ್ಲಿ ಬಿಡು. ನಿನಗ ಭಾನುವಾರದ್ದು ನೆನಪೈತಿಲ್ಲೋ? ಸೊಲ್ಲಾಪುರದವ್ರು ನಿನ್ನ ನೋಡಾಕ ಹನ್ನೊಂದಕ್ಕ ಬರ್ತಾರ. ನಮ್ಮ ಸುಗಲಮ್ಮ ಮಾತು ಕೊಟ್ಟು ಕೂತಾಳ. ನನ್ನ ನಾದಿನಿ ಅಂದ್ರ ಗೊತ್ತಲ್ಲ, ತನ್ನ ಮನಿ ದೀಪ ಹಚ್ಚೂದಿಲ್ಲ, ಊರ ಮಂದಿ ಲಗ್ನ ಮಾಡ್ಸಾಕ ಓಡ್ತಾಳ. ಅಕಿ ಸೊಸಿ ತವರಿಗೆ ಹೋಗಿ ಎಂಟು ತಿಂಗಳಾತು, ಯಾರಿಗೂ ಹೇಳಿಲ್ಲ."

"ಬರ್ಲಿ. ನಾ ಬ್ಯಾಡ ಅಂದಿಲ್ಲ."

"ಹೂಂ ಅಂತೀಯಾ ಮತ್ತ?"

ಗುರುಬಸವ ಒಲೆಯ ಬಾಗಿಲು ತೆರೆದ. ಮುಚ್ಚಿದ. ಮತ್ತೆ ತೆರೆದ.

"ಹುಡುಗ ಚಲೋ ಇದ್ರ ಹೂಂ ಅಂತೀನಿ. ಅಪ್ಪನ ಕಾಳಜಿ ನಂಗೂ ತಿಳಿತೈತಿ," ಎಂದಳು ಮೃಣಾಲಿನಿ. ಅವಳ ದನಿ ಎಂದಿಗಿಂತ ಸ್ಪಷ್ಟವಾಗಿತ್ತು, ಒಂದೊಂದು ಪದವೂ ಬಿಡಿಬಿಡಿ. "ಆದ್ರ ನಂಗ ಎಂಥವ ಬೇಕು ಗೊತ್ತೈತೇನು? ಮನಸ್ಸಿನಾಗ ಇದ್ದದ್ದನ್ನ ತಾನ ಬಂದು ಹೇಳೋವ. ನಾ ಕೇಳೂತನಾ ಕಾಯೋವ ಬ್ಯಾಡ."

ಅವನು ಲೋಟ ಹೊರತೆಗೆದು ಸಿಂಕಿನಲ್ಲಿಟ್ಟು, ಕೈ ಮುಗಿದು ಹೊರಟ. ಇಂಥ ಮಾತು ಆಡಬಲ್ಲ ಹೆಣ್ಣನ್ನು ಅವನು ಕಂಡಿರಲಿಲ್ಲ. ಅದನ್ನು ಕದ್ದು ಕೇಳಿದ ತಾನು ಎಂಥವನು ಎಂಬ ಪ್ರಶ್ನೆ ದಿಲ್‌ಸುಖ್‌ನಗರದ ಮೆಟ್ರೋ ಮೆಟ್ಟಿಲವರೆಗೂ ಅವನ ಹಿಂದೆ ಬಂತು.

ಹೇಳಿದರೆ ಅವಳು ಕೋಪಿಸಿಕೊಳ್ಳುತ್ತಾಳೆ, ಅದು ನ್ಯಾಯವೇ. ಹೇಳದಿದ್ದರೆ ಭಾನುವಾರ ಹನ್ನೊಂದಕ್ಕೆ ಸೊಲ್ಲಾಪುರದವರು ಬರುತ್ತಾರೆ. ಉಳಿದಿರುವುದು ಒಂದು ಶನಿವಾರ.

*

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಕಿಟ್ಟು ಬಂತು. ಚಟಚಟ ನಿಂತಿತು. ಸುಂದರಾಬಾಯಿ ಪರೀಕ್ಷೆಗೆಂದು ಮೂರು ಸಲ ಹಾಲು ಕಾಯಿಸಿದರು, ಮೂರು ಸಲವೂ ಸ್ಪೀಕರು ತುಟಿಪಿಟಕ್ಕೆನ್ನಲಿಲ್ಲ.

ಗುರುಬಸವ ಮುಂದಿನ ಮತ್ತು ಹಿಂದಿನ ಸ್ಪೀಕರುಗಳಿಂದ ಒಂದೇ ಕ್ಷಣಕ್ಕೆ ಹೊರಡುವ ಚಿಟಿಕೆಯ ಸದ್ದನ್ನು ಹಾಕಿ, ಸೋಫಾದಲ್ಲಿ ಕೂತಿದ್ದ ಮೃಣಾಲಿನಿಯ ಮುಖ ನೋಡಿದ. ಅವಳು ಕಣ್ಣು ಮುಚ್ಚಿದ್ದಳು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸದ್ದು ಹುಡುಕುತ್ತ ಅತ್ತಿತ್ತ ಸರಿಯುತ್ತಿತ್ತು.

"ಎರಡಾಗಿ ಕೇಳಿಸುತ್ತಿದೆ. ಹಿಂದಿನದು ಒಂದಿಷ್ಟು ತಡ."

"ಇಪ್ಪತ್ತು ಮಿಲಿಸೆಕೆಂಡು," ಎಂದ ಅವನು, ಮೆಚ್ಚುಗೆ ಮುಚ್ಚಿಡಲಾಗದೆ. "ಗಾಳಿಯಲ್ಲಿ ಕಳಿಸಿ ಹಿಡಿಯುವುದಕ್ಕೆ ಈ ಪೆಟ್ಟಿಗೆಗಳು ಅಷ್ಟು ಹೊತ್ತು ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಸದ್ದು ಸುಮಾರು ಏಳು ಮೀಟರ್ ಸಾಗುತ್ತದೆ."

ಅವನು ರಿಸೀವರಿನ ಸೆಟ್ಟಿಂಗ್ ಪಟ್ಟಿಯಲ್ಲಿ ಹಿಂದಿನ ಸ್ಪೀಕರುಗಳ ದೂರವನ್ನು ಎರಡು ಮೀಟರಿನಿಂದ ಒಂಬತ್ತಕ್ಕೆ ಏರಿಸಿದ.

"ಒಂಬತ್ತೇ? ಅಷ್ಟು ಹಿಂದೆ ಹೋದರೆ ಪಕ್ಕದ ಮನೆಯ ಬೆಡ್‌ರೂಮು ಬರುತ್ತದೆ."

"ಹಿಂದಿನದು ಅಷ್ಟು ದೂರ ಇದೆ ಎಂದು ಹೇಳಿದರೆ, ಇದು ಮುಂದಿನ ಸ್ಪೀಕರುಗಳನ್ನು ಅಷ್ಟು ಹೊತ್ತು ತಡೆದು ನಿಲ್ಲಿಸುತ್ತದೆ. ಆಗ ಎಲ್ಲ ಒಟ್ಟಿಗೆ ಬರುತ್ತವೆ."

ಮತ್ತೆ ಸದ್ದು ಹಾಕಿದ. ಒಂದೇ ಚಿಟಿಕೆ, ಸುತ್ತಲೂ, ನಡುವೆ ತುಂಬಿಕೊಂಡು. ಕಣ್ಣು ಮುಚ್ಚಿದ್ದ ಅವಳ ತುಟಿ ತಾನಾಗಿ ಬಿರಿಯಿತು. ಬಸವರಾಜ ಕ್ರಿಕೆಟ್ ಹಾಕಿಸಿಕೊಂಡರು. ಬೌಂಡರಿ ಬಿದ್ದಾಗ ಸೋಫಾದ ಹಿಂದಿನಿಂದ ಇಡೀ ಸ್ಟೇಡಿಯಂ ಎದ್ದು ನಿಂತಿತು. ಹೆಂಡತಿ ಬೆಚ್ಚಿ ಹಿಂದೆ ತಿರುಗಿ ನೋಡಿದ್ದನ್ನು ಕಂಡು ಅವರಿಗೆ ಆದ ಆನಂದ ಅಷ್ಟಿಷ್ಟಲ್ಲ.

"ಯಪ್ಪಾ! ಮನಿಯೊಳಗ ಮಂದಿ ಬಂದಂಗ ಆತಲ್ಲ," ಎನ್ನುತ್ತ ಸುಂದರಾಬಾಯಿ ಒಳಗೆ ಹೋದರು.

ಗುರುಬಸವ ಸಾಮಾನು ತುಂಬಿದ. ಬಾಲ್ಕನಿಯಲ್ಲಿ ಮೃಣಾಲಿನಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ.

"ಒಂದು ಮಾತು ಹೇಳೂದೈತ್ರಿ," ಎಂದ ಕನ್ನಡದಲ್ಲಿ. "ನಾ ಭಾಲ್ಕಿ ಕಡಿಯವ. ನಂಗ ಕನ್ನಡ ಬರ್ತೈತಿ. ಸೋಮವಾರದಿಂದ ನೀವಿಬ್ರೂ ಮಾತಾಡಿದ್ದೆಲ್ಲಾ ಕೇಳೀನಿ. ಮೊದಲ ದಿನಾನ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾತ್ರಿ."

ಅವಳು ದಿಂಬಿನ ಕವರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು.

"ಗೊತ್ತಿತ್ತು," ಎಂದಳು.

"ಏನ್ ಗೊತ್ತಿತ್ರಿ?"

"ನಿಮಗ ಕನ್ನಡ ಬರ್ತೈತಿ ಅಂತ. ಸೋಮವಾರ ಅವ್ವ ಭಕ್ಕರಿ ಮಾತು ಅಂದಾಗ ನಿಮ್ಮ ಸ್ಕ್ರೂಡ್ರೈವರ್ ನಿಂತಿತು. ಆಮ್ಯಾಲೆ ಬಿಗಿ ಇದ್ದ ಸ್ಕ್ರೂನ ಮತ್ತ ಬಿಗಿ ಮಾಡಿದ್ರಿ." ಅವಳು ಇನ್ನೊಂದು ಕವರ್ ಎತ್ತಿಕೊಂಡಳು. "ಅಂಗವಿಕಲರ ಸರ್ಟಿಫಿಕೇಟ್ ಬೇಕು ಅಂತ ಕಿವುಡರಂಗ ನಟನೆ ಮಾಡೋರು ವಾರಕ್ಕ ಇಬ್ಬರರೆ ನನ್ನ ಮುಂದ ಬಂದು ಕೂಡ್ತಾರ. ಖರೇ ಕೇಳದವರು ಏನು ಅಂದ್ರೂ ತಮ್ಮ ಪಾಡಿಗೆ ತಾವು ಇರ್ತಾರ. ಕೇಳಿಯೂ ಕೇಳದಂಗ ಇರೋರು ಮಾತ್ರ ಒಂದು ಗಳಿಗಿ ಗಪ್ಪಂತ ನಿಲ್ತಾರ. ಅವರನ್ನ ಹಿಡಿಯೂದು ನನ್ನ ಕೆಲಸ್ರಿ."

ಗುರುಬಸವನಿಗೆ ಮೊದಲು ಬಂದದ್ದು ನಾಚಿಕೆ. ಅದರ ಬೆನ್ನಿಗೇ ಬಂದದ್ದು ಮೆಚ್ಚುಗೆ, ಅದನ್ನು ತಡೆಯಲು ಅವನಿಂದ ಆಗಲಿಲ್ಲ. ಮೂರನೆಯದಾಗಿ ಸ್ವಲ್ಪ ಸಿಟ್ಟೂ ಬಂತು.

"ಹಂಗಾದ್ರ ಗುರುವಾರ ಅಡಿಗಿ ಮನ್ಯಾಗ ಅಂದಿದ್ದು..."

"ನೀವು ಕೇಳ್ಲಿ ಅಂತನ ಅಂದಿದ್ದು."

"ನನ್ನ ಪರೀಕ್ಷಾ ಮಾಡಿದ್ರೇನು? ಪರೀಕ್ಷಾ ಅಂದ್ರ ಮೊದಲ ಹೇಳಿ ಮಾಡ್ಬೇಕ್ರಿ. ನಿಮ್ಮ ದವಾಖಾನ್ಯಾಗೂ ಹಂಗ ಮಾಡ್ತೀರಲ್ಲ? ಎರಡು ದಿನ ನಂಗ ಊಟ ಸೇರಿಲ್ಲ."

ಅವಳ ಕೈ ನಿಂತಿತು. ಮುಖ ನಿಧಾನಕ್ಕೆ ಕೆಂಪಾಯಿತು, ಕುತ್ತಿಗೆಯಿಂದ ಮೇಲಕ್ಕೆ.

"ಅದು ನನ್ನ ತಪ್ಪು," ಎಂದಳು ಮೆಲ್ಲಗೆ. "ನಿಮ್ಮ ಬಾಯಿಂದ ಬರ್ಲಿ ಅಂತ ಕಾಯ್ದೆ. ನೀವು ಇವತ್ತು ಏನೂ ಹೇಳದೆ ಚೀಲ ತಗೊಂಡು ಹೋಗಿದ್ರ, ನಾಳೆ ಆ ಸೊಲ್ಲಾಪುರದವಗ ಹೂಂ ಅಂತಿದ್ದೆ. ನಿನ್ನಿಯಿಂದ ಅದನ್ನ ನೆನಸ್ಕೊಂಡು ನನಗೂ ಊಟ ಸೇರಿಲ್ಲ."

ಕೆಳಗೆ ಕೋಚಿಂಗ್ ಸೆಂಟರು ಬಿಟ್ಟು ಮಕ್ಕಳು ಗಲಗಲ ಎನ್ನುತ್ತಿದ್ದರು. ಇಬ್ಬರ ನಡುವೆ ಒಂದು ಮಡಚದ ಬೆಡ್‌ಶೀಟ್ ಇತ್ತು. ಅವಳು ಒಂದು ತುದಿ ಹಿಡಿದು ಇನ್ನೊಂದನ್ನು ಅವನತ್ತ ಚಾಚಿದಳು. ಅವನು ಹಿಡಿದ. ಜಾಡಿಸಿ, ಮಡಚಿ, ತುದಿಗೆ ತುದಿ ಸೇರಿಸಲು ಹತ್ತಿರ ಬಂದಾಗ ಬೆರಳಿಗೆ ಬೆರಳು ತಾಗಿತು. ಯಾರೂ ಬೆರಳು ಹಿಂದೆ ತೆಗೆಯಲಿಲ್ಲ.

"ಗುರುವಾರ ಅಂದಿದ್ದು ಖರೇನ?" ಅವನು ಕೇಳಿದ.

"ಕೇಳ್ಲಿ ಅಂತ ಹೇಳಿದ್ದು ಖರೆ. ಸುಳ್ಳು ಒಂದೂ ಹೇಳಿಲ್ಲ."

"ಹಂಗಾದ್ರ ನಾನ ಹೇಳ್ತೀನಿ, ನೀವು ಕೇಳೂತನಾ ಕಾಯಂಗಿಲ್ಲ. ನಿಮ್ಮಷ್ಟು ಲಕ್ಷ್ಯ ಕೊಟ್ಟು ಕೇಳೋರನ್ನ ನಾ ಎಲ್ಲೂ ನೋಡಿಲ್ರಿ. ನೀವು ಕಣ್ಣು ಮುಚ್ಚಿ ಸದ್ದು ಹುಡುಕೂದನ್ನ ನಾ ಜನ್ಮಾಪೂರ್ತಿ ನೋಡಕೋತ ಕೂಡಬಲ್ಲೆ. ನನ್ನ ಲಗ್ನ ಆಗ್ತೀರೇನು?"

ಅವಳ ಎಡಗಣ್ಣು ಮೊದಲು ಚಿಕ್ಕದಾಯಿತು, ಆಮೇಲೆ ಬಲಗಣ್ಣು.

"ಹೂಂ," ಎಂದಳು. "ಆದ್ರ ಅವ್ವಗ ನೀವ ಹೇಳ್ಬೇಕು. ಕನ್ನಡದಾಗ."

ಅಡುಗೆಮನೆಯಲ್ಲಿ ಸುಂದರಾಬಾಯಿ ಹಿಟ್ಟು ನಾದುತ್ತಿದ್ದರು. ಗುರುಬಸವ ಬಾಗಿಲಲ್ಲಿ ನಿಂತು, ಬೆನ್ನ ಹಿಂದೆ ಮೃಣಾಲಿನಿಯ ಉಸಿರು ಕೇಳುತ್ತ, ತನ್ನ ಹೆಸರು, ಊರು, ಅವ್ವನ ಹೆಸರು, ಈ ವಾರ ತಾನು ಮಾಡಿದ್ದು, ಈಗ ತನಗೆ ಬೇಕಾದದ್ದು ಎಲ್ಲವನ್ನೂ ಒಂದೇ ಏಟಿಗೆ ಹೇಳಿದ.

ಸುಂದರಾಬಾಯಿಯ ಕೈ ಹಿಟ್ಟಿನಲ್ಲೇ ಉಳಿಯಿತು. ಅವರ ತುಟಿ ಆಡುತ್ತಿತ್ತು. ಸೋಮವಾರದಿಂದ ಆಡಿದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದಂತಿತ್ತು.

"ಎಲ್ಲಾ ಕೇಳ್ಯಾನ?" ಕೊನೆಗೆ ಮಗಳನ್ನು ಕೇಳಿದರು.

"ಎಲ್ಲಾ ಕೇಳ್ಯಾನವ್ವಾ."

"ಸುಗಲಮ್ಮನ ಸೊಸಿ ತವರಿಗೆ ಹೋಗಿದ್ದೂ?"

"ಹೂನ್ರಿ," ಎಂದ ಗುರುಬಸವ, ತಲೆ ತಗ್ಗಿಸಿ.

ಹಾಲ್‌ನಿಂದ ಬಸವರಾಜ ಏನಾಯಿತೆಂದು ಕೂಗಿದರು. ಸುಂದರಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಗಂಡನ ಎಡಗಿವಿಯ ಬಳಿ ನಿಂತು, ಇಡೀ ಮನೆಗೆ ಕೇಳುವಂತೆ ಹೇಳಿದರು:

"ನಾಳೆ ಬರಬ್ಯಾಡ್ರಿ ಅಂತ ಸೊಲ್ಲಾಪುರಕ್ಕ ಫೋನ್ ಹಚ್ರಿ. ಈ ಹುಡುಗ ನಮ್ಮ ಮನಿ ಮಾತೆಲ್ಲಾ ಕೇಳಿಬಿಟ್ಟಾನ. ಇನ್ನ ಇವನ್ನ ಹೊರಗ ಬಿಡಾಕ ಬರಂಗಿಲ್ಲ. ಮನಿಯವನನ್ನ ಮಾಡ್ಕೊಳ್ಳೂದ ಚಲೋ."